ದೋಣಿ ಕಟ್ಟುವ ವಿದ್ಯೆಗೆ ಶಾಲೆ ಎಲ್ಲಿ?

ಕಲಬುರಗಿ ಪಕ್ಕದ ನಂದೂರಿನಲ್ಲಿ ದೋಣಿ ಕಟ್ಟುವ ಮಾತು ತೆಗೆದರೆ ನಗುವವರೇ ಹೆಚ್ಚು. ಸುತ್ತ ತೊಗರಿ ಹೊಲ, ನಂದೂರ–ಕೆಸರಟಗಿ ಕೈಗಾರಿಕಾ ಪ್ರದೇಶ. ಕಡಲು ನೂರಾರು ಕಿಲೋಮೀಟರ್ ಆಚೆ. ಆದರೆ ಗಾಣಗಾಪುರ, ಸನ್ನತಿ ದಾಟಿ ಕೃಷ್ಣೆಗೆ ಸೇರುವ ಭೀಮೆ ಈ ಜಿಲ್ಲೆಯದೇ ನದಿ. ಕೃಷ್ಣೆ, ತುಂಗಭದ್ರೆಯ ಸೀಮೆಗೆ ತನ್ನದೇ ದೋಣಿಯೂ ಇದೆ: ಹರಿಗೋಲು.

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಆನೆಗೊಂದಿಯ ದಡದಲ್ಲಿ ಇದನ್ನು ಕಂಡು ಬೆರಗಾಗಿದ್ದ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನರ ಭಾರ ಹೊರುತ್ತದೆ, ನೇರ ಹೋಗದೆ ಸುತ್ತುತ್ತಲೇ ಸಾಗುತ್ತದೆ ಎಂದು ಬರೆದಿಟ್ಟ. ಐನೂರು ವರ್ಷದಲ್ಲಿ ಬದಲಾದದ್ದು ಸ್ವಲ್ಪವೇ. ಸೀಳಿದ ಬಿದಿರಿನ ದಬ್ಬೆಗಳನ್ನು ನಡುವಿನಿಂದ ಹೆಣೆಯುತ್ತ ಹೋಗಿ, ಬಾಗಿಸಿ, ಬಾಯಿಗೆ ಬಿಗಿಯಾದ ಕಟ್ಟು ಹಾಕುತ್ತಾರೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ರಾಯಚೂರು ತಾಲ್ಲೂಕಿನ ಕುರ್ವಕುಲ, ಕುರ್ವಕುರ್ದದಂಥ ಕೃಷ್ಣೆಯ ನಡುಗಡ್ಡೆಗಳ ಜನರಿಗೆ ಇದು ಪ್ರವಾಸಿಗರ ಮೋಜಲ್ಲ, ದಿನದ ದಾರಿ.

ಕರಾವಳಿಯ ದೋಣಿ ಬಡಗಿತನ ಬೇರೆಯೇ ಜಾತಿಯದು. ಅಲ್ಲಿ ಮೊದಲು ಮರ ಓದಬೇಕು. ಹೆಬ್ಬಲಸು ಯಾವುದಕ್ಕೆ, ಸಾಗುವಾನಿ ಯಾವುದಕ್ಕೆ, ಎಳೆ ಎತ್ತ ಓಡಿದೆ, ಹಲಗೆಯನ್ನು ಎಷ್ಟು ಬಾಗಿಸಿದರೆ ಸೀಳದು ಎಂಬುದು ಕೈಗೆ ಗೊತ್ತಾಗಬೇಕು. ಬಾಗಿಲು ಮಾಡುವ ಬಡಗಿಗೆ ಮೂಲೆಮಟ್ಟವೇ ದೇವರು. ದೋಣಿಯ ಒಡಲಿನಲ್ಲಿ ನೇರ ಗೆರೆ ಹುಡುಕಿದರೂ ಸಿಗದು. ಉಪ್ಪುನೀರಿನಲ್ಲಿ ಮರ ಕೊರೆಯುವ ಹಡಗುಹುಳುವಿನ ಕಾಟ ಬೇರೆ. ಹೆಸರಿಗೆ ಹುಳು, ನಿಜಕ್ಕೆ ಚಿಪ್ಪುಮೀನಿನ ಬಳಗದ ಜೀವಿ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ವಿಶಾಖಪಟ್ಟಣದಲ್ಲಿ ಇದರ ಅಧ್ಯಯನಕ್ಕೆಂದೇ ಕೇಂದ್ರ ನಡೆಸಿದೆ. ಮಲ್ಲೇಶ್ವರದ ಅದೇ ಸಂಸ್ಥೆಯಲ್ಲಿ ಆಧುನಿಕ ಯಂತ್ರಗಳ ಮರಗೆಲಸ ಕಲಿಸುವ ತರಬೇತಿ ಕೇಂದ್ರವೂ ಇದೆ.

ಹಳೆಯ ವಿದ್ಯೆ ಇನ್ನೂ ಸತ್ತಿಲ್ಲ ಎನ್ನಲು ಕಾರವಾರದಲ್ಲಿ ಸಾಕ್ಷಿ ಇದೆ. 2025ರ ಮೇ 21ರಂದು ಅಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಹೊಲಿದು ಕಟ್ಟಿದ ಹಡಗು. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳಿಗೆ ರಾಳ ತುಂಬಿದ್ದಾರೆ. ನಕ್ಷೆ ಯಾವುದೂ ಉಳಿದಿರಲಿಲ್ಲ. ಇದ್ದದ್ದು ಅಜಂತಾದ ಒಂದು ಚಿತ್ರ. ಕೇರಳದ ಕುಶಲಕರ್ಮಿಗಳು ಬಾಬು ಶಂಕರನ್ ಮುಂದಾಳತ್ವದಲ್ಲಿ ಗೋವಾದಲ್ಲಿ ಅದನ್ನು ಕಟ್ಟಿದರು, ಐಐಟಿ ಮದ್ರಾಸ್ ಮಾದರಿಯನ್ನು ಪರೀಕ್ಷಿಸಿತು. ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. ಕರ್ನಾಟಕದ ಲಾಂಛನ ಹೊತ್ತ ಹಡಗಿಗೆ ಕರ್ನಾಟಕದ ಆಚಾರಿಗಳು ಏಕೆ ಸಿಗಲಿಲ್ಲ ಎಂದು ಕೇಳಿಕೊಳ್ಳಬಹುದು.

ಕಲಿಯುವುದಾದರೂ ಎಲ್ಲಿ? ಐಟಿಐಗಳ ಮರಗೆಲಸ ವಿಭಾಗ ಪೀಠೋಪಕರಣ, ಬಾಗಿಲು–ಕಿಟಕಿಗಳ ಆಚೆ ಹೋಗುವುದು ಕಡಿಮೆ. 1963ರಲ್ಲಿ ಶುರುವಾದ ಕೊಚ್ಚಿಯ ಕೇಂದ್ರ ಮೀನುಗಾರಿಕಾ ತರಬೇತಿ ಸಂಸ್ಥೆಗೆ ಹತ್ತನೇ ತರಗತಿ ಮುಗಿಸಿ ಹೋದವರು ಕಲಿಯುವುದು ಮುಖ್ಯವಾಗಿ ನೌಕಾಚಾಲನೆ, ಎಂಜಿನ್. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಮಾತ್ರ ದೋಣಿ ತಯಾರಕನಿಗೆ ಪ್ರತ್ಯೇಕ ಹೆಸರಿದೆ. ಐದಾರು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಸಾಲ. ಬುಟ್ಟಿ ಹೆಣೆಯುವವರೂ ಅದೇ ಪಟ್ಟಿಯಲ್ಲಿದ್ದಾರೆ. ಹರಿಗೋಲು ಹೆಣೆಯುವವನು ಯಾವ ಸಾಲಿನಲ್ಲಿ ನಿಲ್ಲಬೇಕೋ!

ಯೋಜನೆ ಒಳ್ಳೆಯದೇ. ಆದರೆ ಅದು ಕಸುಬು ಬಲ್ಲವನಿಗೆ ಬೆನ್ನು ತಟ್ಟುತ್ತದೆ, ಬಾರದವನಿಗೆ ಕಲಿಸುವುದಿಲ್ಲ. ಅಪ್ಪನ ಜೊತೆ ನದಿ ದಡದಲ್ಲಿ ಕೂತು ಕಲಿಯುವ ಮಕ್ಕಳು ಕಡಿಮೆಯಾದ ಮೇಲೆ ಆ ಕೆಲಸ ಶಾಲೆಯ ಪಾಲಿಗೇ ಬರಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿಯ ಊರುಗಳು ನೀರಿನಲ್ಲಿ ನಿಂತಾಗ ಜನರನ್ನು ಕರೆತರಲು ಸೇನೆಯೇ ಬರಬೇಕಾಯಿತು. ಈ ಜಿಲ್ಲೆಗೆ ದೋಣಿ ಬೇಡ ಎನ್ನುವ ಹಾಗಿಲ್ಲ.

ಕಲಬುರಗಿ, ರಾಯಚೂರು, ಕೊಪ್ಪಳದ ಐಟಿಐಗಳಲ್ಲಿ ಒಂದಾದರೂ ಹರಿಗೋಲು ಕಟ್ಟುವ ಹಿರಿಯರನ್ನು ಗೌರವಧನ ಕೊಟ್ಟು ಪಾಠಕ್ಕೆ ಕರೆಯಲಿ. ಅವರ ಬಳಿ ಪ್ರಮಾಣಪತ್ರ ಇದೆಯೇ ಎಂದು ಮೊದಲು ಕೇಳದಿರಲಿ. ಸದ್ಯಕ್ಕೆ ಈ ಕಸುಬಿನಲ್ಲಿ ಇರುವವರು ತಮ್ಮ ಊರಿನ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಶ್ವಕರ್ಮ ಯೋಜನೆಗೆ ಹೆಸರು ನೋಂದಾಯಿಸಬಹುದು. ವಯಸ್ಸು 18 ದಾಟಿರಬೇಕು, ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ.