ಕಿಂಗ್ ಪಿನ್ ಹೋಗಿದೆ ಎಂದರೆ?

ಪ್ರಶ್ನೆ: ಲಾರಿಯ ಮುಂದಿನ ಚಕ್ರವನ್ನು ಜಾಕ್ ಮೇಲೆತ್ತಿ ಅಲ್ಲಾಡಿಸಿದ ಮೆಕ್ಯಾನಿಕ್ ‘ಕಿಂಗ್ ಪಿನ್ ಹೋಗಿದೆ’ ಎಂದ. ಏನದು? ಹೇಗೆ ಗೊತ್ತಾಗುತ್ತದೆ?

ಉತ್ತರ: ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಯಾವ ಉಕ್ಕಿನ ಗೂಟದ ಸುತ್ತ ತಿರುಗುತ್ತದೋ ಅದೇ ಕಿಂಗ್ ಪಿನ್. ಅದರ ಮೇಲೆ, ಕೆಳಗೆ ಒಂದೊಂದು ಬುಷ್. ಭಾರ ಹೊರಲು ಥ್ರಸ್ಟ್ ಬೇರಿಂಗ್. ಗ್ರೀಸ್ ತಪ್ಪಿತೋ, ಕೆಸರುನೀರು ಒಳಹೊಕ್ಕು ಬುಷ್ ಸವೆಯುತ್ತದೆ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಚಕ್ರ ಆಡುತ್ತದೆ.

ಆದರೆ ಚಕ್ರದ ಬೇರಿಂಗ್ ಸಡಿಲವಾದರೂ ಹೀಗೇ ಆಡುತ್ತದೆ. ಒಬ್ಬರು ಬ್ರೇಕ್ ತುಳಿದು ಹಿಡಿಯಲಿ, ಇನ್ನೊಬ್ಬರು ಅಲ್ಲಾಡಿಸಲಿ. ಆಟ ನಿಂತರೆ ತಪ್ಪು ಬೇರಿಂಗಿನದು, ನಿಲ್ಲದಿದ್ದರೆ ಸಾಮಾನ್ಯವಾಗಿ ಕಿಂಗ್ ಪಿನ್ನಿನದು. ಈ ಪರೀಕ್ಷೆ ಮಾಡದೆ ಬಿಚ್ಚಲು ಬಿಡಬೇಡಿ.

ಬದಲಿಸುವಾಗ ನಿಜವಾದ ಕಾಟ ಹಳೆಯ ಪಿನ್ ಹೊರತೆಗೆಯುವುದೇ. ತುಕ್ಕು ಹಿಡಿದು ಕೂತಿರುತ್ತದೆ. ಅದನ್ನು ಹಿಡಿದಿಡುವ ಲಾಕ್ ಪಿನ್ ತೆಗೆಯದೆ ಸುತ್ತಿಗೆಯಲ್ಲಿ ಎಷ್ಟು ಬಡಿದರೂ ವ್ಯರ್ಥ. ಸಡಿಲಿಸಲೆಂದು ಗ್ಯಾಸ್ ಬೆಂಕಿಯಿಂದ ಕಾಯಿಸಿದರೆ ಆಕ್ಸಲ್ಲಿನ ಉಕ್ಕಿನ ಬಲವೇ ಕುಂದೀತು. ಹೈಡ್ರಾಲಿಕ್ ಪ್ರೆಸ್ ಮೇಲು. ಹೊಸ ಬುಷ್ ಕೂರಿಸುವಾಗ ಅದರ ರಂಧ್ರ ಗ್ರೀಸ್ ನಿಪ್ಪಲಿಗೆ ಸರಿಯಾಗಿ ಎದುರಾಗಬೇಕು. ಬಹಳಷ್ಟು ಬುಷ್‌ಗಳನ್ನು ಆಮೇಲೆ ರೀಮರ್ ಹಾಕಿ ಅಳತೆಗೆ ತರಬೇಕಾಗುತ್ತದೆ. ಆಕ್ಸಲ್ ತುದಿಯ ಬಳಿ ಉಳಿದ ಸಂದನ್ನು ಶಿಮ್ ಎಂಬ ತೆಳು ಬಿಲ್ಲೆ ತುಂಬುತ್ತದೆ.

ಒಂದೇ ಬದಿ ಬದಲಿಸಿ ದುಡ್ಡು ಉಳಿಸುವ ಮಾಲೀಕರಿದ್ದಾರೆ; ಉಳಿದದ್ದು ಟೈರಿಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.