ಮುಂಬಯಿಯಲ್ಲಿ ಎರಡು ದಿನ

ಕಾರ್ಯನಿಮಿತ್ತ ಮುಂಬಯಿಗೆ ಹೋಗುವ ನಮ್ಮ ಅಧಿಕಾರಿಗಳೂ ವರ್ತಕರೂ ಶುಕ್ರವಾರ ಕೆಲಸ ತೀರಿದೊಡನೆ ರೈಲು ಹತ್ತುವುದೇ ರೂಢಿ. ಶನಿವಾರ, ಭಾನುವಾರಗಳನ್ನು ಅಲ್ಲಿಯೇ ಕಳೆದು ಬರಬೇಕೆಂದು ಅವರಲ್ಲಿ ನಮ್ಮ ಬಿನ್ನಹ.

ಶನಿವಾರದ ಊಟ ಮಾಟುಂಗದಲ್ಲಾಗಲಿ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಗೆ ಬೀಳುವ ಬಿಸಿ ಅನ್ನ, ಸಾರುಗಳನ್ನುಂಡವನಿಗೆ ತಾನು ಪರಸ್ಥಳದಲ್ಲಿರುವೆನೆಂಬುದೇ ಮರೆತುಹೋಗುವುದು. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದು, ಹಗಲೆಲ್ಲ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರೆಷ್ಟೋ ಮಂದಿ ಈ ನಗರಕ್ಕೆ ಅನ್ನವಿಟ್ಟಿದ್ದಾರೆ.

ಈ ಸಂಗತಿಯನ್ನು ನಮ್ಮವರು ಬಲ್ಲರು. ಆದರೆ ಮಾಟುಂಗದ ಸಾರನ್ನು ಊರಿಗೆ ಬಂದು ವರ್ಣಿಸುವ ಮಹಾಶಯರಲ್ಲಿ ಕೆ. ಕೆ. ಹೆಬ್ಬಾರರ ಹೆಸರನ್ನೇ ಕೇಳದವರನ್ನು ನಾವು ಕಂಡಿದ್ದೇವೆ, ಇದು ಖೇದಕರ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಈ ಚಿತ್ರಕಾರರು ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದರು. ಕಾಲಾ ಘೋಡಾದ ಜಹಾಂಗೀರ್ ಕಲಾಗ್ಯಾಲರಿ 1952ರಲ್ಲಿ ನಿರ್ಮಾಣವಾದುದಕ್ಕೆ ಹೋಮಿ ಭಾಭಾ ಅವರೊಡನೆ ಹೆಬ್ಬಾರರ ಒತ್ತಾಯವೂ ಕಾರಣ. ಅಲ್ಲಿ ಪ್ರವೇಶಕ್ಕೆ ಕಾಸು ಕೊಡಬೇಕಾಗಿಲ್ಲ. ದಾಕ್ಷಿಣ್ಯವಿಲ್ಲದೆ ಒಳಹೊಕ್ಕು, ನಿಧಾನವಾಗಿ ನೋಡಬಹುದು. ಚಿತ್ರವನ್ನೂ ಚಹವನ್ನೂ ಒಂದೇ ಸೂರಿನಡಿ ಒದಗಿಸುತ್ತಿದ್ದ ಅಲ್ಲಿನ ಸಮೋವಾರ್ ಉಪಾಹಾರಗೃಹವು 2015ರಲ್ಲಿ ಮುಚ್ಚಿತು; ರಸಿಕರಿಗೆ ಅದೊಂದು ನಷ್ಟವೇ ಸರಿ.

ಭಾನುವಾರ ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ ಪಯಣಿಸಿದರೆ ಎಲಿಫೆಂಟಾ. ಸುಮಾರು 20 ಅಡಿ ಎತ್ತರದ ಸದಾಶಿವನ ಮುಂದೆ ಅವಸರ ಸಲ್ಲದು. ಸೋಮವಾರ ಗುಹೆಗಳು ಮುಚ್ಚಿರುವುದರಿಂದ ಆ ದಿನವನ್ನು ನೆಚ್ಚುವಂತಿಲ್ಲ. ಬೆಳಿಗ್ಗೆಯೇ ಹೊರಟವರಿಗೆ ರಾತ್ರಿಯ ರೈಲಿಗೆ ಬೇಕಾದಷ್ಟು ವೇಳೆ ಉಳಿಯುತ್ತದೆ.