ಮರದ ಮೆರುಗನ್ನು ಕಾಯುವ ಬಗೆ

ಜಹೀರಾಬಾದು, ನಾರಾಯಣಖೇಡ, ತಾಂಡೂರು ಸೀಮೆಯ ಅನೇಕ ಮನೆಗಳಲ್ಲಿ ನೆಲಕ್ಕೆ ಕಲ್ಲು, ಬಾಗಿಲಿಗೆ ಮರ. ತಾಂಡೂರಿನ ಫರಸಿ ಕಲ್ಲು ತೊಳೆದಷ್ಟೂ ಅಂದವಾಗಿ ಕಾಣುವುದು. ಆದರೆ ಆ ನೀರೇ ಬಾಗಿಲುವಾಡದ ಬುಡವನ್ನೂ ಮೇಜು, ಕಪಾಟುಗಳ ಕಾಲುಗಳನ್ನೂ ಮುಟ್ಟುತ್ತದೆ. ಅಡ್ಡವಾಗಿ ಕೊಯ್ದ ಮರದ ತುದಿಯು ದೀಪದ ಬತ್ತಿಯಂತೆ ನೀರನ್ನು ಹೀರುವುದು. ಮೇಲೆ ಎಷ್ಟು ಮಿರುಗಿದರೇನು, ಬುಡ ನೆನೆದರೆ ಮರ ಕೊಳೆಯುತ್ತದೆ. ತೇವವಿರುವೆಡೆಗೆ ಗೆದ್ದಲೂ ಬರುತ್ತದೆ. ಆದುದರಿಂದ ನೆಲ ತೊಳೆದೊಡನೆ ಮರದ ಬುಡಗಳನ್ನು ಒಣಬಟ್ಟೆಯಿಂದ ಒರೆಸುವುದು ಮೊದಲನೆಯ ನಿಯಮ.

ಮೆರುಗು ಮರಕ್ಕೆ ಚರ್ಮವಿದ್ದಂತೆ. ಅದರ ಜಾತಿಯನ್ನರಿಯದೆ ಉಪಚಾರ ಮಾಡಬಾರದು. ಮುತ್ತುಗ, ಬೋರೆ ಮೊದಲಾದ ಮರಗಳ ಮೇಲೆ ಹುಳುಗಳು ಸ್ರವಿಸುವ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಹಚ್ಚುವುದು ಹಳೆಯ ಪಾಲಿಶ್. ಬಿಸಿ ಲೋಟವಿಟ್ಟರೆ ಅದರ ಮೇಲೆ ಬಿಳಿಯ ಕಲೆಯೇಳುತ್ತದೆ. ಕಾಣದ ಮೂಲೆಯಲ್ಲಿ, ದೀಪ ಒಲೆಗಳಿಂದ ದೂರದಲ್ಲಿ, ಹತ್ತಿಯಿಂದ ಒಂದು ಹನಿ ಸ್ಪಿರಿಟ್ ಮುಟ್ಟಿಸಿ ನೋಡಿರಿ. ಅಂಟಾದರೆ ಅದು ಅರಗು. ಇಂದಿನ ಪಾಲಿಯುರೆಥೇನ್ ಲೇಪವು ಅಷ್ಟಕ್ಕೆ ಕರಗದು.

ಯಾವ ಮೆರುಗಾದರೂ ದಿನದ ಆರೈಕೆ ಒಂದೇ: ಮೆತ್ತನೆಯ ಬಟ್ಟೆಯಿಂದ ಮರದ ಎಳೆಯ ಗುಂಟ ಧೂಳನ್ನು ಒರೆಸುವುದು. ಜಿಡ್ಡಿದ್ದರೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಗಿಸಬೇಕು. ಸೋಡಾ, ಸೀಮೆಎಣ್ಣೆಗಳು ಬೇಡ. ಹೊಳಪಿಗೆಂದು ಕೊಬ್ಬರಿ ಎಣ್ಣೆ ಬಳಿಯುವವರುಂಟು. ಅದು ಒಣಗುವುದಿಲ್ಲ, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪಾಲಿಶ್ ಇಲ್ಲದ, ಎಣ್ಣೆ ಕುಡಿದ ಹಳೆಯ ಬಾಗಿಲುಗಳಿಗೆ ಅಗಸೆ ಎಣ್ಣೆ ಉತ್ತಮ. ಅದು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ತೆಳುವಾಗಿ ಹಚ್ಚಿ, ಕಾಲುಗಂಟೆಯ ಬಳಿಕ ಮಿಕ್ಕುದನ್ನು ಒರೆಸಿಬಿಡಬೇಕು. ಇಲ್ಲಿ ಒಂದು ಎಚ್ಚರಿಕೆಯುಂಟು. ಗಟ್ಟಿಯಾಗುವಾಗ ಆ ಎಣ್ಣೆಯಿಂದ ಶಾಖ ಹೊರಡುತ್ತದೆ. ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಕಿಡಿಯಿಲ್ಲದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಅದನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿರಿ, ಇಲ್ಲವೆ ನೀರಿನಲ್ಲಿ ಮುಳುಗಿಸಿಡಿರಿ. ಈ ಕೆಲಸವನ್ನು ಮಕ್ಕಳಿಗೆ ಬಿಡಬಾರದು.

ಮಳೆಗಾಲದಲ್ಲಿ ಬಾಗಿಲು ಬಿಗಿದರೆ ಒಡನೆಯೇ ಬಡಗಿಯನ್ನು ಕರೆಸಿ ಉಜ್ಜುಗೊರಡು ಹಾಕಿಸುವ ಅವಸರ ಬೇಡ. ಮರವು ತೇವದಿಂದ ಅಗಲಕ್ಕೆ ಹಿಗ್ಗಿ, ಬೇಸಗೆಯಲ್ಲಿ ಕುಗ್ಗುತ್ತದೆ. ಹಿಗ್ಗಿದಾಗ ಕೆತ್ತಿಸಿದರೆ ಚೈತ್ರದಲ್ಲಿ ಸಂದು ಬೀಳುವುದು. ಬಾಗಿಲಿನ ಮೇಲಂಚು, ಕೆಳಅಂಚುಗಳಿಗೂ ಲೇಪ ಹಚ್ಚಿಸಿದರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ.

ನಮಗೆ ನೆರೆಯ ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಕೆತ್ತನೆಯ ಮರದ ಕಂಬಗಳನ್ನು ಇಂದಿಗೂ ಕಾಣಬಹುದು. ಸೂರಿನ ನೆರಳು ಮತ್ತು ಒಣನೆಲೆ, ಇವೆರಡೇ ಮರಕ್ಕೆ ದೊಡ್ಡ ರಕ್ಷೆ. ವಿದ್ಯಾರ್ಥಿಗಳೇ, ಭಾನುವಾರದ ಕಾಲುಗಂಟೆಯನ್ನು ನಿಮ್ಮ ಮನೆಯ ಬಾಗಿಲಿಗೆ ಮೀಸಲಿಡಿರಿ. ಅಜ್ಜನು ಮಾಡಿಸಿದ ಬಾಗಿಲನ್ನು ಮೊಮ್ಮಗನೂ ತೆರೆಯುವಂತಾಗಲು ಹಣಕ್ಕಿಂತ ಒಂದು ತುಂಡು ಒಣಬಟ್ಟೆಯೇ ಹೆಚ್ಚು ಬೇಕು.